ಗೆರೆಯಾಚೆ ಮುಗಿದ ಕೈ

ಆಟವಿದ್ದ ದಿನ ಬೆಳಿಗ್ಗೆ ಡಾಕ್ಟರ್ ಹ್ಯಾಸ್ಕೆಟ್ ಜಗುಲಿಯಲ್ಲಿ ಕೂತು, ಬಟ್ಟೆಯ ಚೂರನ್ನು ಅಗಸೆ ಎಣ್ಣೆಯಲ್ಲಿ ಅದ್ದಿ ನನ್ನ ಮೈ ಉಜ್ಜುತ್ತಿದ್ದರು. ನಾನು ಅವರ ಕ್ರಿಕೆಟ್ ಬ್ಯಾಟು. ವಿಕ್ಟೋರಿಯಾ ರಾಣಿಯ ಕಾಲದಲ್ಲಿ, ಇಂಗ್ಲೆಂಡಿನ ಒಂದು ಹೊಳೆಯ ದಂಡೆಯಲ್ಲಿದ್ದ ವಿಲೋ ಮರದಿಂದ ನನ್ನನ್ನು ಕೆತ್ತಿದರು. ಡಾಕ್ಟರರ ಪೆಟ್ಟಿಗೆಯಲ್ಲಿ, ಔಷಧದ ಸೀಸೆಗಳ ಪಕ್ಕ ಮಲಗಿ, ಹಡಗಿನಲ್ಲಿ ಬಂದು ಬಳ್ಳಾರಿಯ ದಂಡುಪ್ರದೇಶ ಸೇರಿದೆ.

ವಾರವೆಲ್ಲ ಅವರು ರೋಗಿಗಳ ಪಾಲು. ವಾಂತಿಭೇದಿ ಎಂದು ಸುದ್ದಿ ಬಂದರೆ ಸುಡುಬಿಸಿಲಲ್ಲೂ ಕುದುರೆ ಏರುತ್ತಿದ್ದರು. ಶನಿವಾರ ಮಾತ್ರ ನನ್ನ ಪಾಲು. ಹೊಟ್ಟೆಪಾಡಿಗೆ ಆಡುವವರಲ್ಲ, ಆಸೆಗೆ ಆಡುವವರು.

ಮೈದಾನ ನೋಡಿಕೊಳ್ಳುತ್ತಿದ್ದವನು ಹುಲುಗಪ್ಪ. ಅಂಚಿನ ಸುಣ್ಣದ ಗೆರೆ ಎಳೆಯುತ್ತಿದ್ದವನೂ ಅವನೇ. ಆಟ ನಡೆಯುವಾಗ ಯಾರೂ ಅದನ್ನು ದಾಟಕೂಡದೆಂದು ದೊರೆಗಳ ಕಟ್ಟಪ್ಪಣೆ. ದನ ನುಗ್ಗಿದರೂ ಅವನೇ ಅಟ್ಟಬೇಕು.

ಒಂದು ಶನಿವಾರ ಅವನ ಹೆಂಡತಿ ಗಂಗಮ್ಮನಿಗೆ ಹೆರಿಗೆ ಕಷ್ಟವಾಯಿತು. ತನ್ನ ಕೈಲಾಗದು, ಡಾಕ್ಟರ ದೊರೆಯನ್ನೇ ಕರೆದು ತಾ ಎಂದು ಸೂಲಗಿತ್ತಿ ಅಟ್ಟಿದಳಂತೆ. ಓಡಿ ಬಂದವನು ತಾನೇ ಎಳೆದ ಗೆರೆಯ ಹತ್ತಿರ ನಿಂತುಬಿಟ್ಟ. ಅದೇ ಹೊತ್ತಿಗೆ ಡಾಕ್ಟರು ನೂರು ಓಟ ಮುಟ್ಟಿದರು. ಡೇರೆಯಲ್ಲಿದ್ದವರೆಲ್ಲ ಎದ್ದು ಚಪ್ಪಾಳೆ ತಟ್ಟಿದರು. ಹುಲುಗಪ್ಪ ಎರಡೂ ಕೈ ಎತ್ತಿ ಮುಗಿದ. ಆಟ ಮೆಚ್ಚಿ ಮುಗಿಯುತ್ತಿದ್ದಾನೆಂದು ತಿಳಿದ ಡಾಕ್ಟರು ನಕ್ಕು, ನನ್ನನ್ನು ಅವನ ಕಡೆಗೇ ಎತ್ತಿ ತೋರಿಸಿದರು. ದೊರೆ ನೋಡಿದರು, ಇನ್ನೇನು ಬರುತ್ತಾರೆ ಎಂದುಕೊಂಡು ಅವನು ಅಲ್ಲೇ ಕುಕ್ಕರಗಾಲಲ್ಲಿ ಕೂತ.

ಅವರು ಔಟಾಗಿ ಬರುವಾಗ ಹೊತ್ತು ಇಳಿದಿತ್ತು. ಅವನು ವಿಷಯ ಹೇಳಿದೊಡನೆ, ಕಾಲಿನ ಪ್ಯಾಡನ್ನೂ ಬಿಚ್ಚದೆ, ನನ್ನನ್ನು ಕಂಕುಳಲ್ಲಿ ಇರುಕಿಕೊಂಡೇ ಓಡಿದರು. ಕೂಸು ಉಳಿಯಿತು. ತಾಯಿ ಉಳಿಯಲಿಲ್ಲ.

"ಬಿಸಿಲು ಇರತ್ಲೇ ಬಂದಿದ್ರ ಉಳೀತಿದ್ಲು, ದೊರಿ," ಎಂದಳು ಸೂಲಗಿತ್ತಿ. ಡಾಕ್ಟರು ಆಗ ಕಾಲಿನ ಪ್ಯಾಡು ಬಿಚ್ಚಿದರು.

ನೂರು ಹೊಡೆದವರ ಬ್ಯಾಟಿಗೆ ಬೆಳ್ಳಿ ಪಟ್ಟಿ ಕೂರಿಸುವುದು ಕ್ಲಬ್ಬಿನ ಪದ್ಧತಿ. ದಿನ, ಓಟ, ಹೊಗಳಿಕೆ ಎಲ್ಲ ಕೆತ್ತಿಸಿ ನನಗೂ ಕೂರಿಸಿದರು. ಬೇಡವೆಂದರೆ ಕಾರಣ ಹೇಳಬೇಕು. ಡಾಕ್ಟರು ಒಪ್ಪಿಕೊಂಡುಬಿಟ್ಟರು. ಆಮೇಲೆ ಅವರು ಆಡಲಿಲ್ಲ. ನನ್ನನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿದರು. ನನಗೂ ಅದೇ ಬೇಕಿತ್ತು.

ಈಗ ನಾನು ಹುಲುಗಪ್ಪನ ಮನೆಯ ಬಚ್ಚಲ ಮೂಲೆಯಲ್ಲಿದ್ದೇನೆ. ಅಂದು ಉಳಿದ ಕೂಸು ಹೊನ್ನೂರಮ್ಮ ದೊಡ್ಡವಳಾಗಿ, ನನ್ನಿಂದ ಬಟ್ಟೆ ಬಡಿಯುತ್ತಾಳೆ. ಮೈ ಸೀಳು ಬಿಟ್ಟಿದೆ, ಅದರ ನೋವಿಲ್ಲ. ಅವಳು ನೀರು ಎರಚಿದಾಗ ಪಟ್ಟಿ ಹೊಳೆಯುತ್ತದಲ್ಲ, ಆಗ ಮಾತ್ರ ಎಲ್ಲಾದರೂ ಅಡಗಿಕೊಳ್ಳೋಣ ಎನಿಸುತ್ತದೆ.

ನಾನು ಈ ಮನೆಗೆ ಬಂದದ್ದು ಡಾಕ್ಟರು ಊರು ಬಿಟ್ಟ ದಿನ. ಕ್ಷಮೆ ಕೇಳಬೇಕೆಂದೇ ಬಂದಿದ್ದರು. ಹುಲುಗಪ್ಪ ಕಂಬಳಿ ಹಾಸಿದ, ಅವರು ಕೂರಲಿಲ್ಲ. ಸುಮ್ಮನೆ ನನ್ನನ್ನು ಅವನ ಕೈಗಿಟ್ಟರು. ಅವನು ಪಟ್ಟಿಯ ಮೇಲೆ ಬೆರಳಾಡಿಸಿ, ಇದೇನೆಂದು ಕೇಳಿದ. ಅವರು ಟೋಪಿಯ ಅಂಚು ತಿರುವುತ್ತ ನಿಂತರು. ಕೇಳಿಸಲಿಲ್ಲವೇನೋ ಎಂದು ಅವನು ಹತ್ತಿರ ಬಂದು ಮತ್ತೆ ಕೇಳಿದ.

"ಇದರಾಗ ಏನು ಬರದೈತಿ, ದೊರಿ? ನನಗೊಂದೀಟು ಓದಿ ಹೇಳ್ರಿ."