ಬಸಲಿಂಗಿಯ ಕೆನ್ನೆಯ ಬಿಳುಪು

ಸಂಬಂಧ ತಂದಿದ್ದ ಬಜಾರಪ್ಪ ಮುಂದಿಟ್ಟ ಚಹಾ ಮುಟ್ಟದೆ ಕೂತಾಗಲೇ ಏನೋ ಎಡವಟ್ಟಾಗಿದೆ ಎಂದು ಚಂದ್ರಣ್ಣನಿಗೆ ತಿಳಿಯಿತು.

"ದೇವನಕೊಂಡದ ಗಂಡಿನ ಕಡ್ಯಾರು ಫೋಟೊ ನೋಡಿದ್ರು," ಎಂದ ಬಜಾರಪ್ಪ ದನಿ ತಗ್ಗಿಸಿ. "ಹುಡುಗಿ ಎಡಗೆನ್ನಿ ಮ್ಯಾಲೆ ಬೆಳ್ಳಗ ಏನೋ ಐತಂತ. ತೊನ್ನೇನು ಅಂತ ಕೇಳಾಕತ್ಯಾರ. ನಾ ಏನಂತ ಹೇಳಲಿ ಅಣ್ಣಾ?"

ಅಡುಗೆಮನೆಯಲ್ಲಿ ಅಕ್ಕ ಗುರುಬಸಮ್ಮನ ಕೈಯಿಂದ ತಟ್ಟೆ ಜಾರಿ ಬಿದ್ದ ಸದ್ದಾಯಿತು.

ಆದೋನಿಯ ಹತ್ತಿ ಪೇಟೆಯಲ್ಲಿ ಚಂದ್ರಣ್ಣನ ಮಾತಿಗೆ ತೂಕವಿತ್ತು. ಗಂಡ ತೀರಿಕೊಂಡ ಮೇಲೆ ಅಕ್ಕ, ಮಗಳು ಬಸಲಿಂಗಿಯನ್ನು ಕರೆದುಕೊಂಡು ಅವನ ಮನೆಗೇ ಬಂದಿದ್ದಳು. ಫೋಟೊ ತೆಗೆಸಲು ಹುಡುಗಿಯನ್ನು ಸ್ಟುಡಿಯೋಗೆ ಕರೆದೊಯ್ದರಾಯಿತು ಎಂದು ಅಕ್ಕ ಹೇಳಿದ್ದಳು. ಇವನೇ ಬೇಡವೆಂದಿದ್ದ. ಅಪ್ಪ ಗುಂತಕಲ್ಲಿನ ರೈಲ್ವೆ ದೊರೆಯೊಬ್ಬನಿಂದ ಕೊಂಡ ಮಡಿಸುವ ಕ್ಯಾಮೆರಾ ಇರುವಾಗ ಮಂದಿಯ ಮುಂದೆ ಯಾಕೆ ಕೂರಿಸಬೇಕು ಎಂದು ಜಂಬದಿಂದ ಬಾಗಿಲ ಬೆಳಕಿಗೆ ಕೂರಿಸಿ ತಾನೇ ತೆಗೆದಿದ್ದ.

ಬಜಾರಪ್ಪ ಹೋದ ಮೇಲೆ ಮನೆಯಲ್ಲಿದ್ದ ಇನ್ನೊಂದು ಪ್ರತಿಯನ್ನು ನೋಡಿದ. ಹೌದು, ಬಾಗಿಲ ಬೆಳಕು ಬಿದ್ದ ಕಡೆ ಕಿವಿಯಿಂದ ತುಟಿಯ ತುದಿಯವರೆಗೆ ಬೆಳ್ಳನೆಯ ಮಬ್ಬು. ಕ್ಯಾಮೆರಾದ ಹಿಂಬಾಗಿಲು ತೆರೆದು, ಕಿಟಕಿಗೆ ಹಿಡಿದು ಇಣುಕಿದ. ಗಾಜಿನ ಒಳಮೈಗೆ ನೀರುಮಜ್ಜಿಗೆ ಬಳಿದಂತಿತ್ತು. ಎಷ್ಟು ಮಳೆಗಾಲ ಟ್ರಂಕಿನಲ್ಲಿ ಕಳೆದಿತ್ತೋ.

"ಅಕ್ಕಾ, ಲೆನ್ಸಿನಾಗ ಮಬ್ಬು ಕುಂತೈತಿ! ಹುಡುಗಿಗೇನೂ ಇಲ್ಲ!" ಎಂದು ಕೂಗಿದ. ಕೂಗಿದವನಿಗೇ ಇನ್ನೊಂದು ಅಳುಕು ಹುಟ್ಟಿತು. ಇಲ್ಲವೆಂದು ತಾನು ಯಾವತ್ತು ಸರಿಯಾಗಿ ನೋಡಿದ್ದೇನೆ?

ನೀರು ಕುಡಿಯುವ ನೆಪದಲ್ಲಿ ಹಿತ್ತಲಿಗೆ ಹೋದ. ಬಸಲಿಂಗಿ ಬಿಸಿಲಲ್ಲಿ ಶೇಂಗಾ ಕೇರುತ್ತಿದ್ದಳು. ಕದ್ದು ನೋಡಿದ. ಮತ್ತೊಮ್ಮೆ ನೋಡಿದ. ಅವಳು ಮೊರ ಕೆಳಗಿಟ್ಟು ಎಡಗೆನ್ನೆಯನ್ನು ಅವನತ್ತ ತಿರುಗಿಸಿದಳು.

"ಚಲೋತ್ನಾಗಿ ನೋಡ್ರಿ ಮಾವ. ನಿಮಗೂ ಅನುಮಾನ ಬ್ಯಾಡ."

ಕೆನ್ನೆಯ ಮೇಲೆ ಏನೂ ಇರಲಿಲ್ಲ. ಚಂದ್ರಣ್ಣ ನೀರು ಕುಡಿಯದೆಯೇ ಒಳಗೆ ಹೋದ.

ಭಾನುವಾರ ಪೇಟೆಗೆ ಬಿಡುವು. ದವಾಖಾನೆಯ ಕಾಂಪೌಂಡರನಿಂದ ಸ್ಪಿರಿಟ್ ತಂದು, ಮೇಜಿನ ಮೇಲೆ ಬಿಳಿ ಪಂಚೆ ಹಾಸಿ ಕ್ಯಾಮೆರಾ ಬಿಚ್ಚಲು ಕೂತ. ಬಿಚ್ಚಿ ಕೆಟ್ಟರೆ ಮಬ್ಬಿನ ಸಾಕ್ಷಿಯೂ ಹೋಗುತ್ತದೆ, ಹುಡುಗಿಯ ಹೆಸರೂ ಹೋಗುತ್ತದೆ ಎಂಬ ಹೆದರಿಕೆ ಅವನಿಗೆ. ಮುಂದಿನ ಗಾಜಿನ ಉಂಗುರ ಎಲ್ಲಿತ್ತೋ ಅಲ್ಲಿಗೇ ಮರಳಲೆಂದು ಸೂಜಿಯಿಂದ ಗೀರು ಹಾಕಿಕೊಂಡ. ಉಂಗುರ ಅಲ್ಲಾಡಲೇ ಇಲ್ಲ. ಉಸಿರು ಬಿಗಿಹಿಡಿದು ಒತ್ತಿ ತಿರುಗಿಸಿದಾಗ ಕಿರ್ ಎಂದಿತು. ಒಡೆಯಿತೆಂದೇ ಅಂದುಕೊಂಡ. ಒಡೆದಿರಲಿಲ್ಲ.

ಅಕ್ಕ ಹತ್ತಿಯ ಉಂಡೆ ತಂದಳು. "ಹತ್ತಿ ಬ್ಯಾಡ. ಬೀಜದ ಚೂರು ಇರ್ತಾವ, ಗಾಜು ಗೀರ್ತಾವ," ಎಂದು ಒಗೆದೊಗೆದು ಮೆತ್ತಗಾದ ಹಳೇ ಧೋತರದ ತುಂಡನ್ನು ಸ್ಪಿರಿಟ್ಟಿನಲ್ಲಿ ಅದ್ದಿ, ನಡುವಿನಿಂದ ಅಂಚಿಗೆ ಮೆಲ್ಲಗೆ ಒರೆಸಿದ. ಮಬ್ಬು ಮೊದಲು ಹರಡಿತು. ಇನ್ನೊಂದು ತುಂಡು, ಮತ್ತೊಂದು ತುಂಡು. ಕಡೆಗೆ ಗಾಜಿನಾಚೆ ಕಿಟಕಿಯ ಸರಳುಗಳು ಸ್ಪಷ್ಟವಾಗಿ ಕಂಡವು. ತಿರುಗಿಸಿ ಕೂರಿಸುವಾಗ ಉಂಗುರದ ತಿರುಪಿನ ಸುತ್ತು ಓರೆಯಾಗಿ ಕಚ್ಚಿಕೊಂಡು ಇನ್ನಷ್ಟು ಹೊತ್ತು ಜೀವ ತಿಂದಿತು. ಫಿಲ್ಮಿನ ಜಾಗಕ್ಕೆ ಎಣ್ಣೆ ಸವರಿದ ತೆಳು ಕಾಗದ ಹಿಡಿದಾಗ ಅಂಗಳದ ಬೇವಿನ ಮರ ಎಲೆಎಲೆಯಾಗಿ ತಲೆಕೆಳಗೆ ಮೂಡಿತು. ಆಗಲೇ ಚಂದ್ರಣ್ಣ ಬೆನ್ನು ಸಡಿಲಿಸಿದ್ದು.

ಹೊಸ ಫೋಟೊ ಚೊಕ್ಕಟವಾಗಿ ಬಂತು. ಬಜಾರಪ್ಪ ಅದನ್ನು ಒಯ್ದ ವಾರಕ್ಕೇ ದೇವನಕೊಂಡದವರು ಹುಡುಗಿ ನೋಡಲು ಬಂದರು. ಗುರುಬಸಮ್ಮ ಹೋಳಿಗೆ ಮಾಡಿದ್ದಳು. ಬಸಲಿಂಗಿ ಬಂದು ಚಾಪೆಯ ಮೇಲೆ ಕೂತಳು. ಹುಡುಗನ ತಾಯಿ ಅವಳ ಗಲ್ಲ ಹಿಡಿದು ಬಾಗಿಲ ಬೆಳಕಿಗೆ ತಿರುಗಿಸಿದಳು. ಸೆರಗಿನ ತುದಿಯನ್ನು ಚೊಂಬಿನ ನೀರಲ್ಲಿ ಅದ್ದಿ ಎಡಗೆನ್ನೆ ತಿಕ್ಕತೊಡಗಿದಳು.

"ಏನಿಲ್ಲ, ಪೌಡರ್ ಗೀಡರ್ ಹಚ್ಯಾರೇನೋ ಅಂತ," ಎಂದು ನಕ್ಕಳು.

ಬಸಲಿಂಗಿ ಕಣ್ಣು ಮುಚ್ಚಿಕೊಂಡಳು. ಕೆನ್ನೆ ಕೆಂಪಗಾಯಿತು. ಹುಡುಗನ ತಾಯಿ ಮತ್ತೆ ಸೆರಗು ಅದ್ದಿದಳು.

"ಸಾಕ್ರಿ ತಾಯಿ," ಎಂದ ಚಂದ್ರಣ್ಣ. ಎದ್ದು ನಿಂತ. "ಕೈ ತೆಗೀರಿ. ನಮ್ಮ ಹುಡುಗೀನ ಕೊಡಂಗಿಲ್ರಿ."

"ಅಯ್ಯೋ, ಅದೇನಣ್ಣಾ!" ಎಂದು ಬಜಾರಪ್ಪ ನಡುವೆ ಬಂದ. ಯಾರೂ ಕೇಳಲಿಲ್ಲ. ದೇವನಕೊಂಡದವರ ಬಂಡಿ ಬೀದಿ ದಾಟಿತು.

ಗುರುಬಸಮ್ಮ ಹಣೆ ಚಚ್ಚಿಕೊಂಡಳು. "ಒಪ್ಪಿಗಿ ಆಗಾಕತ್ತಿತ್ತಲ್ಲೋ! ಈಗ ಊರೆಲ್ಲ ಹೇಳ್ಕೋತ ಹೋಗ್ತಾರ. ನನ್ನ ಮಗಳಿಗೆ ಮುಂದ ಯಾರು ಬರ್ತಾರ?"

ಬಸಲಿಂಗಿ ಮಾತ್ರ ಚಂದ್ರಣ್ಣನ ಮುಂದೆ ಊಟದ ತಟ್ಟೆಯಿಟ್ಟು, "ಉಣ್ರಿ ಮಾವ, ಹೋಳಿಗಿ ಆರ್ತೈತಿ," ಎಂದಳು.

ಆಮೇಲೆ ದಿನಗಟ್ಟಲೆ ಪೇಟೆಯಲ್ಲಿ ಇಬ್ಬರು ಪಿಸುಗುಟ್ಟಿದರೂ ತಮ್ಮ ಮನೆಯ ಮಾತೇ ಎನಿಸಿ ಚಂದ್ರಣ್ಣ ಹತ್ತಿಯ ಧಾರಣೆ ತಪ್ಪು ಹೇಳಿಬಿಡುತ್ತಿದ್ದ. ಸಿಟ್ಟಿನಲ್ಲಿ ಹುಡುಗಿಯ ಬಾಳಿಗೆ ಕಲ್ಲು ಹಾಕಿದೆನೇ ಎಂದು ಕೊರಗಿದ.

ದೀಪಾವಳಿ ಕಳೆದ ಮೇಲೆ ಪೆದ್ದಕಡುಬೂರಿನಿಂದ ಸೋಮಶೇಖರಪ್ಪ ಎಂಬ ಶಾಲೆಯ ಮೇಷ್ಟ್ರು ಹೆಣ್ಣು ಕೇಳಲು ತಂದೆಯೊಂದಿಗೆ ತಾನೇ ಬಂದ. ಫೋಟೊ ಕೇಳಲಿಲ್ಲ. ರೊಟ್ಟಿ ಉಂಡು, ಹುಡುಗಿಗೆ ಓದಲು ಬರುತ್ತದೆಯೇ ಎಂದಷ್ಟೇ ಕೇಳಿದ. "ಬರ್ತೈತ್ರಿ," ಎಂದು ಬಸಲಿಂಗಿಯೇ ಹೇಳಿದಳು.

ಮದುವೆಯ ದಿನ ಅಕ್ಷತೆ ಬೀಳುವವರೆಗೂ ಚಂದ್ರಣ್ಣ ಬಾಗಿಲ ಕಡೆಗೇ ನೋಡುತ್ತಿದ್ದ, ಯಾರಾದರೂ ಬಂದು ಬೀಗರ ಕಿವಿಯಲ್ಲಿ ಏನಾದರೂ ಊದಿಯಾರು ಎಂದು. ಯಾರೂ ಬರಲಿಲ್ಲ.