ಚಿಕ್ಕವಳ ಬಣ್ಣ ಒಣಗೋದಿಲ್ಲ

ನನ್ನ ಮಾವ ಚಿಕ್ಕವಳಿಗೆ ನೀರು ಹೊಡೀತಾರೆ. ಅವಳ ಮೈಮೇಲಲ್ಲ, ಅವಳ ಬಣ್ಣದ ಮೇಲೆ. ಎಲ್ಲಿ ಹೊಡೆದರೇನು, ಉರಿಯೋದು ಮಾತ್ರ ನನ್ನ ಹೊಟ್ಟೆ.

ಚಿಕ್ಕವಳು ಅಂದರೆ ನನ್ನ ಮೈದುನನ ಹೆಂಡತಿ, ನನ್ನ ಓರಗಿತ್ತಿ. ಈ ಮನೆಗೆ ಮೊದಲು ಬಂದವಳು ನಾನು, ಹಾಗಾಗಿ ಮಾವನ ಬಾಯಲ್ಲಿ ನಾನು ದೊಡ್ಡವಳು. ನಮ್ಮದು ಪರದೆ ಬರೆಯೋ ಮನೆ. ನಾಟಕದವರಿಗೆ, ಫೋಟೋ ಸ್ಟುಡಿಯೋದವರಿಗೆ ಅರಮನೆ, ಕಾಡು, ಕಡಲು ಏನು ಬೇಕಾದರೂ ಬಟ್ಟೆ ಮೇಲೆ ಬರೆದು ಕೊಡ್ತೀವಿ. ಮಾವನ ಇಬ್ಬರು ಗಂಡುಮಕ್ಕಳಿಗೂ ಕುಂಚ ಒಲಿಯಲಿಲ್ಲ. ನಮ್ಮವರು ಮರದ ಚೌಕಟ್ಟು ಹೊಡೀತಾರೆ, ಮೈದುನ ಗಿರಾಕಿಗಳ ಹತ್ತಿರ ಬಾಯಿ ಹೊಡೀತಾನೆ. ಬರೆಯೋರು ನಾವಿಬ್ಬರು ಸೊಸೆಯರು. ಮಾವ ಕುಂಚ ಕೆಳಗಿಟ್ಟು ವರ್ಷದ ಮೇಲಾಯ್ತು. "ಕಣ್ಣು ಮಂಜಾಗಿದೆ ಕಣ್ರಮ್ಮಾ" ಅಂದರು, ನಾವೂ ನಂಬಿದೆವು.

ನಮ್ಮ ಶೆಡ್ಡಿಗೆ ತಗಡಿನ ಮಾಡು. ಬಿಸಿಲೇರಿದರೆ ಒಳಗೆ ಬೆಂದುಹೋಗ್ತೀವಿ. ಅಂಥ ಜಾಗದಲ್ಲಿ ಅಕ್ರಿಲಿಕ್ ಬಣ್ಣ ಹಿಂಡಿ ಇಟ್ಟು, ಆ ಕಡೆ ತಿರುಗಿ ಈ ಕಡೆ ತಿರುಗೋದರೊಳಗೆ ಹಾಲಿನ ಕೆನೆ ಹಾಗೆ ಮೇಲೆ ಪೊರೆ ಕಟ್ಟಿರುತ್ತೆ. ಒಮ್ಮೆ ಒಣಗಿತು ಅಂದರೆ ಮುಗೀತು, ತಟ್ಟೆಯಿಂದ ಕೆರೆದು ಬಿಸಾಡಬೇಕು ಅಷ್ಟೇ. ಅದಕ್ಕೆ ನಾನು ಕಂಡುಕೊಂಡ ದಾರಿ ಒಂದೇ: ಬೇಗ ಬರಿ. ದೊಡ್ಡ ಬಟ್ಟಲಲ್ಲಿ ಕಲಸು, ಅಗಲ ಕುಂಚ ಹಿಡಿ, ಉಸಿರು ಬಿಗಿಹಿಡಿದು ಎಳೆ. ಕೈ ಚುರುಕಾಗಿದ್ದರೆ ಬಣ್ಣದ ಗೊಡವೆ ಯಾಕೆ?

ಚಿಕ್ಕವಳದು ಹಾಗಲ್ಲಪ್ಪ. ಅವಳು ಚಿತ್ರಕಲೆ ಓದಿಕೊಂಡು ಬಂದವಳು. ಒಂದು ಅಗಲ ತಟ್ಟೆ, ಅದರಲ್ಲಿ ನೆನೆಸಿದ ಸ್ಪಂಜು, ಸ್ಪಂಜಿನ ಮೇಲೆ ಬೆಣ್ಣೆ ಕಾಗದ, ಕಾಗದದ ಮೇಲೆ ಬಣ್ಣದ ಪುಟ್ಟ ಪುಟ್ಟ ಗುಪ್ಪೆಗಳು. ಕೆಳಗಿನ ತೇವ ಕಾಗದದಲ್ಲಿ ಹಾದು ಬಂದು ಬಣ್ಣವನ್ನು ಒಣಗೋಕೆ ಬಿಡಲ್ಲವಂತೆ. ಊಟಕ್ಕೆ ಎದ್ದರೆ ಮೇಲೊಂದು ಮುಚ್ಚಳ. ಫ್ಯಾನ್ ಹಾಕೋ ಹಾಗಿಲ್ಲ, ಗಾಳಿಗೆ ಬಣ್ಣ ಒಣಗುತ್ತೆ. ನಾವು ಬೆವರಲ್ಲಿ ತೊಯ್ದು ತೊಪ್ಪೆಯಾದರೂ ಪರವಾಗಿಲ್ಲ, ಮಹಾರಾಣಿಯವರ ಬಣ್ಣ ತಂಪಾಗಿರಬೇಕು. ಅದೂ ಸಾಲದು ಅಂತ ನೀರು ಚಿಮುಕಿಸೋ ಬಾಟಲಿ. ಆ ಬಾಟಲಿ ಹಿಡಿದು ಅವಳ ಪಕ್ಕದಲ್ಲಿ ನಿಲ್ಲೋದು ಯಾರು? ಸಾಕ್ಷಾತ್ ನನ್ನ ಮಾವ.

ಈ ಮಾವನ ಹತ್ತಿರ ಕೆಲಸ ಕಲಿಯೋಕೆ ನಾನು ಪಟ್ಟ ಪಾಡು ನನಗೇ ಗೊತ್ತು. "ಮಾವ, ಈ ಮೋಡದ ಅಂಚು ಹೇಗೆ ಮೆತ್ತಗೆ ಮಾಡೋದು?" ಅಂದರೆ, "ನೋಡ್ತಾ ಇರು, ಬರುತ್ತೆ" ಅನ್ನೋರು. ನೋಡ್ತಾ ನೋಡ್ತಾ ನನಗೆ ಕತ್ತು ನೋವು ಬಂತೇ ಹೊರತು ಒಂದು ದಿನ ಬಂದು ನನ್ನ ಪಕ್ಕ ನಿಲ್ಲಲಿಲ್ಲ. ಈಗ ನೋಡಿದರೆ ಬೆಳಗ್ಗೆ ಕಾಫಿ ಲೋಟ ಕೆಳಗಿಟ್ಟ ತಕ್ಷಣ ಬಾಟಲಿ ಹುಡುಕ್ತಾರೆ. ಅವಳ ತಟ್ಟೆಗೊಂದು ಸಲ ಫುಸ್, ಪರದೆಗೊಂದು ಸಲ ಫುಸ್. ಇಬ್ಬರೂ ಅದೇನೋ ಗುಸುಗುಸು ಮಾತಾಡ್ಕೊಂಡು ನಗ್ತಾರೆ. ನಾನು ಶೆಡ್ಡಿನ ಇನ್ನೊಂದು ಮೂಲೆಯಲ್ಲಿ ಬಂಡೆ ಬರೀತಾ ಹಲ್ಲು ಕಡೀತೀನಿ.

ಅದಕ್ಕಿಂತ ಮೈ ಉರಿಸೋದು ಇನ್ನೊಂದಿದೆ. ಅವಳು ಮಾವನ್ನ ಓಡಾಡಿಸ್ತಾಳೆ! "ಮಾವ, ಬಾಟಲಿ ತುಂಬಿಸ್ಕೊಂಡು ಬನ್ನಿ." ಸ್ವಲ್ಪ ಹೊತ್ತಾದ ಮೇಲೆ ಮತ್ತೆ, "ಮಾವ, ಬಾಟಲಿ." ಅಷ್ಟು ವಯಸ್ಸಾದವರು ಹಿತ್ತಲ ನಲ್ಲಿಗೆ ಹೋಗಿ ಬರ್ತಾರೆ, ಒಂದು ಮಾತು ಬೇಸರ ಇಲ್ಲ. ನಾನು ಒಂದು ದಿನ "ಮಾವ, ಆ ಡಬ್ಬಿ ಕೊಡಿ" ಅಂದಿದ್ದರೆ ಈ ಮನೆಯಲ್ಲಿ ಏನಾಗ್ತಿತ್ತು ಅಂತ ನಮ್ಮವರನ್ನು ಕೇಳಿದೆ.

"ನೀನು ಕೇಳಿ ನೋಡು, ಕೊಟ್ಟರೂ ಕೊಟ್ಟಾರು" ಅಂದರು, ಮೊಳೆ ಬಾಯಲ್ಲಿ ಕಚ್ಚಿಕೊಂಡು.

"ನಾನು ಯಾಕೆ ಕೇಳಲಿ? ಅವರಿಗೇ ಗೊತ್ತಾಗಬಾರದಾ?"

"ಸರಿ, ಹಾಗಾದರೆ ಉರ್ಕೊಳ್ತಾ ಇರು" ಅಂದು ಸುತ್ತಿಗೆ ಎತ್ತಿದರು. ಗಂಡಂದಿರಿಗೆ ಏನು ಹೇಳಿದರೂ ಅಷ್ಟೇ.

ಇಷ್ಟೆಲ್ಲಾ ಉಪಚಾರ ಮಾಡಿಸ್ಕೊಂಡು ಅವಳು ಬರೆಯೋದಾದರೂ ಎಷ್ಟು? ನಾನು ಒಂದು ಕಾಡು ಮುಗಿಸೋದರೊಳಗೆ ಅವಳದು ಒಂದು ಕಿಟಕಿ. ಬರೆದದ್ದನ್ನೇ ಬರೀತಾಳೆ, ಒರೆಸಿದ್ದನ್ನೇ ಒರೆಸ್ತಾಳೆ. ಮುದ್ದು ಜಾಸ್ತಿಯಾದರೆ ಕೈ ಹಾಗೇ ಆಗೋದು ಅಂತ ನಾನು ಎಲ್ಲರಿಗೂ ಕೇಳಿಸೋ ಹಾಗೇ ಗೊಣಗ್ತಿದ್ದೆ. ಅವಳು ತುಟಿ ಪಿಟಕ್ ಅನ್ನಲಿಲ್ಲ.

ಹೀಗಿರುವಾಗ ದೊಡ್ಡ ನಾಟಕಶಾಲೆಯವರು ಮುಂಪರದೆ ಬೇಕು ಅಂದರು. ಕಡಲು, ಕಡಲ ಮೇಲೆ ಮುಳುಗೋ ಹೊತ್ತಿನ ಆಕಾಶ. ಪರದೆ ಅಂದರೆ ಪರದೆ, ಗೋಡೆ ತುಂಬ. ಅದರಲ್ಲಿ ಮುಕ್ಕಾಲು ಪಾಲು ಆಕಾಶವೇ. ಮಾವ ಚೌಕಟ್ಟಿಗೆ ಬಿಗಿದ ಬಿಳಿ ಬಟ್ಟೆ ಮುಂದೆ ನಿಂತು, "ಇದು ನಾನು ಒಪ್ಪಿಕೊಂಡ ಕೊನೇ ಕೆಲಸ. ಮುಂದಿನದೆಲ್ಲ ನಿಮ್ಮದು. ಆಕಾಶ ಚಿಕ್ಕವಳು ಬರೀಲಿ, ನಾನು ಜೊತೆಗಿರ್ತೀನಿ. ಕಡಲು ಬಂಡೆ ದೊಡ್ಡವಳು ನೋಡ್ಕೊಳ್ಳಲಿ" ಅಂದರು.

ನನಗೆ ತಡೆಯೋಕಾಗಲಿಲ್ಲ. "ಯಾಕೆ ಮಾವ? ಬಂಡೆ ಬರೆದೂ ಬರೆದೂ ನಾನೇನು ಬಂಡೆ ಆಗಬೇಕಾ? ಈ ಸಲ ಆಕಾಶ ನನಗೆ ಬೇಕು."

ನಮ್ಮವರು ಸುತ್ತಿಗೆ ಕೆಳಗಿಟ್ಟು ಇತ್ತ ತಿರುಗಿದರು.

"ಕಿತ್ತಳೆಯಿಂದ ಗುಲಾಬಿ, ಗುಲಾಬಿಯಿಂದ ನೀಲಿ. ಒಂದರೊಳಗೊಂದು ಕರಗಬೇಕು, ಗೆರೆ ಕಾಣಬಾರದು" ಅಂದರು ಮಾವ. "ಬಣ್ಣ ಹಸಿಯಾಗಿರಬೇಕು ದೊಡ್ಡವಳೇ."

"ಇರುತ್ತೆ. ನೀವು ನನ್ನ ಪಕ್ಕ ನಿಂತು ನೀರು ಹೊಡೆದರೆ ಯಾಕಿರಲ್ಲ? ಅವಳ ಪಕ್ಕ ನಿಲ್ತೀರಿ, ನನ್ನ ಪಕ್ಕ ನಿಲ್ಲೋಕೆ ಏನು ಕಷ್ಟ?"

ಹೇಳಬಾರದು ಅಂದುಕೊಂಡಿದ್ದು ಬಾಯಿಂದ ಬಿದ್ದೇಹೋಯ್ತು. ಮಾವ ನನ್ನನ್ನು ಹೊಸಬಳನ್ನು ನೋಡೋ ಹಾಗೆ ನೋಡಿದರು.

"ನಿನ್ನ ಪಕ್ಕ ನನಗೇನಮ್ಮ ಕೆಲಸ? ಬಣ್ಣ ಒಣಗೋ ಮುಂಚೆ ನಿನ್ನದು ಮುಗಿದಿರುತ್ತೆ. ಬಂದು ನಿಂತರೆ ಅಡ್ಡ ಆಗ್ತೀನೇನೋ ಅಂತ ದೂರ ಇದ್ದೆ."

ನನ್ನ ಚುರುಕು ಕೈ ಮೇಲೆ ನನಗೇ ಸಿಟ್ಟು ಬಂತು. ಅಷ್ಟರಲ್ಲಿ ಚಿಕ್ಕವಳು ಹತ್ತಿರ ಬಂದು, "ಅಕ್ಕ, ಆಕಾಶ ನೀವೇ ಬರೀರಿ, ಆದರೆ ನೀರು ಮಾತ್ರ ನಾನು ಹೊಡೀತೀನಿ" ಅಂದಳು. ಮುಖದಲ್ಲಿ ರಕ್ತ ಇರಲಿಲ್ಲ ಅವಳಿಗೆ. ನೋಡಿದೆಯಾ, ಮಾವನ್ನ ಒಂದು ದಿನ ಬಿಟ್ಟುಕೊಡೋಕೂ ಇವಳಿಗೆ ಜೀವ ಹೋಗುತ್ತೆ ಅಂದುಕೊಂಡೆ. "ನಿನ್ನ ಕೆಲಸ ನೀನು ನೋಡ್ಕೋ" ಅಂದೆ.

ಮಾರನೇ ದಿನ ಬೆಳಗ್ಗೆಯೇ ಪರದೆ ಮುಂದೆ ಹಲಗೆ ಕಟ್ಟಿಸಿ, ಏಣಿ ಇಟ್ಟು ಮೇಲೆ ಹತ್ತಿದೆ. ನಾಚಿಕೆ ಬಿಟ್ಟು ಅವಳ ಹಾಗೇ ಸ್ಪಂಜು, ಬೆಣ್ಣೆ ಕಾಗದ ಎಲ್ಲಾ ಜೋಡಿಸ್ಕೊಂಡೆ. ಬೇಗ ಒಣಗದ ಹಾಗೆ ಬಣ್ಣಕ್ಕೆ ಬೆರೆಸೋ ದ್ರವವನ್ನೂ ಒಂದೆರಡು ತೊಟ್ಟು ಹಾಕಿದೆ. ಫ್ಯಾನ್ ಆರಿಸಿದೆ. ಮಾವ ಹಲಗೆ ಹತ್ತಿ ನನ್ನ ಪಕ್ಕ ಬಂದು ನಿಂತರು. ಅವರ ಅಂಗಿಯಿಂದ ಸಾಬೂನಿನ ವಾಸನೆ ಬರ್ತಿತ್ತು. ಕೆಳಗೆ ನನ್ನ ಪಾಲಿನ ಬಂಡೆ ಬರೀತಾ ಚಿಕ್ಕವಳು ತಿರುತಿರುಗಿ ಮೇಲೆ ನೋಡ್ತಿದ್ದಳು. ನೋಡಮ್ಮ, ನೋಡು, ನಾನೂ ಹೀಗೇ ನೋಡಿದ್ದೀನಿ ಅಂತ ಮನಸ್ಸಲ್ಲೇ ಅಂದುಕೊಂಡೆ. ಖುಷಿ ಅಂದರೆ ಅಷ್ಟಿಷ್ಟಲ್ಲ.

ಕಿತ್ತಳೆ ಹಚ್ಚಿದೆ. ಮಾವ ಫುಸ್ ಅನ್ನಿಸಿದರು. ಗುಲಾಬಿ ಹಚ್ಚಿದೆ. ಫುಸ್. ಎರಡರ ನಡುವೆ ಒಣ ಕುಂಚ ಆಡಿಸಿದೆ ನೋಡಿ, ಎಲ್ಲಿ ಇದು ಮುಗೀತು ಎಲ್ಲಿ ಅದು ಶುರುವಾಯ್ತು ಅಂತ ನನಗೇ ಗೊತ್ತಾಗಲಿಲ್ಲ. "ಭಲೇ" ಅಂದರು ಮಾವ. ಈ ಮನೆಗೆ ಬಂದ ಮೇಲೆ ಆ ಮಾತು ಮೊದಲ ಸಲ ಕೇಳಿದ್ದು. ಕಣ್ಣು ತುಂಬಿ ಬಂತು.

ಮೇಲಿನ ನೀಲಿ ಹಚ್ಚಿ ಕೆಳಗೆ ಇಳಿಸ್ತಾ ಇದ್ದೆ. ಫುಸ್ ಫುಸ್ ಫುಸ್ ಅಂತ ನಿಲ್ಲದೆ ಸದ್ದು ಬಂತು. ತಟ್ಟೆ ನೋಡಿದರೆ ಕಾಗದದ ಮೇಲೆ ನೀರು ನಿಂತಿದೆ, ಗುಪ್ಪೆಗಳೆಲ್ಲ ಕಲಸಿ ಒಂದಾಗಿವೆ. ಪರದೆ ನೋಡಿದರೆ ನೀಲಿ ಗೆರೆಗೆರೆಯಾಗಿ ಗುಲಾಬಿ ಮೇಲೆ ಇಳೀತಿದೆ. "ಮಾವ, ಏನ್..." ಅಂತ ತಿರುಗಿದೆ.

ಅವರ ಬಲಗೈ ಗಡಗಡ ನಡುಗ್ತಿತ್ತು. ಎಡಗೈಯಿಂದ ಮಣಿಕಟ್ಟು ಹಿಡಿದು ನಿಲ್ಲಿಸೋಕೆ ನೋಡ್ತಿದ್ದರು, ಅದು ನಿಲ್ಲಲಿಲ್ಲ. ಬಾಟಲಿ ಬಿಡೋಕೂ ಆಗ್ತಿರಲಿಲ್ಲ. ಕಣ್ಣಲ್ಲ, ಅವರಿಗೆ ಹೋಗಿದ್ದು ಕೈ.

"ಮಾವ, ಬಾಟಲಿ ಖಾಲಿ ಆಯ್ತು ನೋಡಿ, ತುಂಬಿಸ್ಕೊಂಡು ಬನ್ನಿ" ಅಂತ ಕೆಳಗಿಂದ ಚಿಕ್ಕವಳ ದನಿ. ಬಾಟಲಿ ಅರ್ಧ ಇತ್ತು. ಮಾವ ಅದನ್ನು ಎದೆಗೆ ಅವಚಿಕೊಂಡು ಇಳಿದು ಹಿತ್ತಲಿಗೆ ಹೋದರು. ಅವರು ಬಾಗಿಲು ದಾಟಿದ್ದೇ ತಡ, ಚಿಕ್ಕವಳು ಸೆರಗು ಸಿಕ್ಕಿಸಿ ದಡದಡ ಹಲಗೆ ಹತ್ತಿದಳು, ಕೈಯಲ್ಲಿ ಹಳೇ ಬಟ್ಟೆಯ ಉಂಡೆ.

"ಒತ್ತಿ ಅಕ್ಕ, ಉಜ್ಜಬೇಡಿ. ಉಜ್ಜಿದರೆ ಕೆಳಗಿನ ಬಣ್ಣ ಎದ್ದುಬಿಡುತ್ತೆ" ಅಂತ ಒಂದು ತುಂಡು ನನಗೂ ಕೊಟ್ಟಳು. "ತಟ್ಟೆಯ ಮೂಲೆ ಎತ್ತಿ ನೀರು ಚೆಲ್ಲಿ. ಅವರು ಬರೋ ಮುಂಚೆ ಆಗಬೇಕು."

"ಎಷ್ಟು ದಿನದಿಂದ ಹೀಗೆ?"

"ಕುಂಚ ಬಿಟ್ಟಾಗಿನಿಂದ. ಕೈಯಲ್ಲಿ ಏನೂ ಇಲ್ಲದೆ ಶೆಡ್ಡಿಗೆ ಬರೋಕೆ ಅವರಿಗೆ ಆಗಲ್ಲ ಅಕ್ಕ. ಒಂದಿನ ನನ್ನ ಬಾಟಲಿ ತಗೊಂಡು, ನಾನು ಹೊಡೀತೀನಿ ಬಿಡು ಅಂದರು. ಬೇಡ ಅನ್ನೋಕೆ ನನಗೆ ಬಾಯಿ ಬರಲಿಲ್ಲ."

ಅಂದರೆ ಇಷ್ಟು ದಿನ ಇವಳು ಬರೆದದ್ದನ್ನೇ ಬರೀತಿದ್ದದ್ದು, ಒರೆಸಿದ್ದನ್ನೇ ಒರೆಸ್ತಿದ್ದದ್ದು ಇದಕ್ಕೆ. ನಾನು ಮೂಲೆಯಲ್ಲಿ ಕೂತು ಆಡಿಕೊಳ್ಳುವಾಗ ಇವಳು ಬಾಯಿಗೆ ಬೀಗ ಹಾಕ್ಕೊಂಡು ನೀರು ಒತ್ತಿ ತೆಗೀತಿದ್ದಳು. ಇಷ್ಟು ಗೊತ್ತಾದ ಮೇಲಾದರೂ ನನ್ನ ಹೊಟ್ಟೆ ತಣ್ಣಗಾಗಬೇಕಿತ್ತು ತಾನೇ? ಎಲ್ಲಿ! ಮಾವನ ಕೈ ನಡುಗೋದು ಮೊದಲು ಅವಳಿಗೆ ಗೊತ್ತಾಯ್ತಲ್ಲ ಅಂತ ಇನ್ನೊಂದು ಸುತ್ತು ಉರಿ ಹತ್ತಿತು.

"ಅಕ್ಕ, ಇದು ದೊಡ್ಡ ಪರದೆ" ಅಂದಳು ಅವಳು ಮೆತ್ತಗೆ. "ಇದರ ಮೇಲೆ ಇಷ್ಟು ನೀರು ಬಿದ್ದರೆ ನೀವು ಅಂದುಕೊಂಡ ಆಕಾಶ ಬರಲ್ಲ. ಅವರನ್ನ ಕೆಳಗೆ ಕೂರಿಸಿ. ಏನಾದರೂ ನೆಪ ಹೇಳಿ. ಮಧ್ಯಾಹ್ನದೊಳಗೆ ನೀವೇ ಮುಗಿಸ್ತೀರಿ, ನಿಮ್ಮ ಕೈ ನನಗೆ ಗೊತ್ತಿಲ್ವಾ?"

ಅವಳು ಹೇಳಿದ್ದು ಸರಿಯಾಗಿತ್ತು. ಮೇಲಿನ ನೀಲಿ ಇನ್ನೂ ಹಸಿ ಇತ್ತು, ಉಳಿಸ್ಕೋಬಹುದಿತ್ತು. ಎಷ್ಟೋ ವರ್ಷ ಕಾದು ಕಸಿದುಕೊಂಡ ಆಕಾಶ, ಅರ್ಧ ಆಗಲೇ ನನ್ನ ಕಣ್ಣ ಮುಂದೆ ಹೊಳೀತಿತ್ತು.

ಹಿತ್ತಲ ಬಾಗಿಲು ಸದ್ದಾಯ್ತು. ಚಿಕ್ಕವಳು ಇಳಿದುಬಿಟ್ಟಳು. ಮಾವ ಬಂದು ಏಣಿ ಕೆಳಗೆ ನಿಂತರು, ಬಾಟಲಿ ಬೆನ್ನ ಹಿಂದೆ. ಪರದೆಯನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿದರು. ಒತ್ತಿ ತೆಗೆದರೂ ಒಂದೆರಡು ಗೆರೆ ಹಾಗೇ ಉಳಿದಿದ್ದವು.

"ಬರಲಾ, ಬೇಡವಾ?" ಅಂತ ಕೇಳಿದರು. ಸೊಸೆಯನ್ನು ಮಾವ ಕೇಳೋ ದನಿ ಅದಲ್ಲ. "ನೀನು ಬೇಗ ಮುಗಿಸ್ತೀಯ ದೊಡ್ಡವಳೇ. ನಿನಗೆ ಬೇಕಾಗಲಿಕ್ಕಿಲ್ಲ."

ನಾನು ಆಕಾಶದ ಕಡೆ ನೋಡಲಿಲ್ಲ. ನೋಡಿದ್ದರೆ ಬಾಯಿಂದ ಬೇರೇನೋ ಬರ್ತಿತ್ತು.

"ಏನ್ ಮಾವ, ಅಲ್ಲೇ ನಿಂತ್ಬಿಟ್ರಿ? ಇಲ್ಲಿ ಬಣ್ಣ ಎಲ್ಲಾ ಒಣಗ್ತಾ ಇದೆ, ಬೇಗ ಬನ್ನಿ!" ಅಂತ ಗದರಿದೆ.

ಅವರು ಏಣಿ ಹತ್ತಿದ ರೀತಿ ನೀವು ನೋಡಬೇಕಿತ್ತು. ಬಂದವರೇ ಫುಸ್ ಫುಸ್ ಅಂತ ಶುರುಮಾಡಿದರು. ನೀಲಿ ಗುಲಾಬಿಗಿಳೀತು, ಗುಲಾಬಿ ಕಿತ್ತಳೆಗಿಳೀತು, ನಾನು ಜೀವಮಾನದಲ್ಲಿ ಬರೆದ ಚೆಂದದ ಆಕಾಶ ನನ್ನ ಕಣ್ಣೆದುರೇ ಕಡಲಿಗೆ ಇಳಿದುಹೋಯ್ತು. ಚಿಕ್ಕವಳು ಕೆಳಗಿಂದ ಬಾಯಿ ಬಿಟ್ಕೊಂಡು ನೋಡ್ತಿದ್ದಳು. ಆಮೇಲೆ ತನ್ನ ಕುಂಚ ಕೆಳಗಿಟ್ಟು, ಬಟ್ಟೆ ತಗೊಂಡು ಹಲಗೆ ಹತ್ತಿ ನನ್ನ ಇನ್ನೊಂದು ಪಕ್ಕ ಬಂದು ನಿಂತಳು. ಮಾವ ತಟ್ಟೆ ಕಡೆ ತಿರುಗಿದಾಗ ಅವಳು ಒತ್ತಿದಳು, ಪರದೆ ಕಡೆ ತಿರುಗಿದಾಗ ನಾನು ತಟ್ಟೆ ಬಗ್ಗಿಸಿದೆ. ಎಷ್ಟು ಹಗುರವಾಗಿ ಒತ್ತುತ್ತಾಳೆ ಗೊತ್ತಾ, ಗುರುತೇ ಉಳಿಯಲ್ಲ. ನನ್ನ ಕೈಗೆ ಅದು ಬರಲಿಲ್ಲ, ಒತ್ತಿದಲ್ಲೆಲ್ಲ ಕಲೆ. ನೋಡಿ ನೋಡಿ ಮತ್ತೆ ಹೊಟ್ಟೆ ಉರೀತು.

ಸಂಜೆ ಹೊತ್ತಿಗೆ ಮೋಡ ಕವಿದ, ಕಲಸಿಹೋದ, ಯಾರೂ ಕೇಳಿರದ ಒಂದು ಆಕಾಶ ಆಗಿತ್ತು. ನಾಟಕಶಾಲೆಯವರು ಏನಂತಾರೋ ದೇವರೇ ಬಲ್ಲ. ಮಾವ ಮಾತ್ರ ಬೆವರು ಒರೆಸ್ಕೊಂಡು ಹಲಗೆ ಮೇಲೇ ಕೂತು, ನಮ್ಮಿಬ್ಬರ ಮುಖ ನೋಡಿದರು.

"ಈ ಸೆಕೆಯಲ್ಲಿ ನಾನೊಬ್ಬ ಇಲ್ಲದೇ ಹೋಗಿದ್ದರೆ ಇಷ್ಟೊತ್ತಿಗೆ ಎಲ್ಲಾ ಒಣಗಿ ಹೋಗಿರ್ತಿತ್ತು. ಅಲ್ವೇನ್ರಮ್ಮಾ?"

"ಹೌದು ಮಾವ" ಅಂದೆವು, ಇಬ್ಬರೂ ಒಟ್ಟಿಗೆ.