ದಿಂಬು ಕೊಂಡವರು

ಆನ್‌ಲೈನ್ ಅಂಗಡಿಯವರ ಇಮೇಲನ್ನು ಅವನು ಮತ್ತೆ ಮೊದಲಿನಿಂದ ಓದಿದ. ಓದುವುದೇ ಅವನ ಕಸುಬಾಗಿತ್ತು. ಮುದ್ರಣಾಲಯದಲ್ಲಿ ಕರಡು ತಿದ್ದುತ್ತ ಅರ್ಧ ಆಯಸ್ಸು ಕಳೆದಿದ್ದ. ಒಂದು ಒತ್ತಕ್ಷರ ಕೂದಲೆಳೆಯಷ್ಟು ಜರುಗಿದ್ದರೂ ಕಣ್ಣಿಗೆ ಬೀಳುತ್ತಿತ್ತು. ಆದರೆ ಈ ಮೇಲಿನಲ್ಲಿ ತಿದ್ದುವಂಥದ್ದು ಏನೂ ಇರಲಿಲ್ಲ. ನಿಮ್ಮ ಬ್ಲಾಗಿನ ಲಿಂಕಿನಿಂದ ಬಂದ ಆರ್ಡರುಗಳು ಹೆಚ್ಚುಕಡಿಮೆ ಎಲ್ಲವೂ ನಿಮ್ಮ ಮನೆಯವರದ್ದೇ ಆಗಿವೆ, ಇದು ನೀವು ಒಪ್ಪಿಕೊಂಡ ನಿಯಮಕ್ಕೆ ವಿರುದ್ಧ, ಆದ್ದರಿಂದ ನಿಮ್ಮ ಖಾತೆಯನ್ನು ಮುಚ್ಚಲಾಗಿದೆ, ಸೇರಿರುವ ಕಮಿಷನ್ ಕೊಡಲಾಗುವುದಿಲ್ಲ. ಕೊನೆಯಲ್ಲಿ ಶುಭ ಹಾರೈಸಿದ್ದರು.

ಒಪ್ಪಿಕೊಂಡದ್ದು ನಿಜ. ಖಾತೆ ತೆರೆಯುವಾಗ ಉದ್ದಾನುದ್ದ ನಿಯಮಗಳು ಬಂದಿದ್ದವು. ಬೇರೆಯವರ ಲಗ್ನಪತ್ರಿಕೆಯಿಂದ ಹಿಡಿದು ಬ್ಯಾಂಕಿನ ವಾರ್ಷಿಕ ವರದಿಯವರೆಗೆ ಅಕ್ಷರ ಬಿಡದೆ ಓದಿದವನು, ತನ್ನದೆಂದು ಬಂದ ಅದೊಂದನ್ನು ಓದದೆ 'ಒಪ್ಪಿದ್ದೇನೆ' ಎಂಬ ಗುಂಡಿ ಒತ್ತಿಬಿಟ್ಟಿದ್ದ. ಯಾರು ತಾನೇ ಓದುತ್ತಾರೆ?

ಬ್ಲಾಗಿನ ಹೆಸರು 'ಸುಖನಿದ್ದೆ'. ದಿಂಬು, ಹಾಸಿಗೆ, ಬೆನ್ನಿಗೆ ಕೊಡುವ ಆಸರೆ, ಕಣ್ಣಿಗೆ ಕಟ್ಟುವ ಪಟ್ಟಿ, ಹೀಗೆ ನಿದ್ದೆಯ ಸಕಲ ಸರಂಜಾಮಿನ ಗುಣಾವಗುಣಗಳನ್ನು ಅಲ್ಲಿ ಬರೆಯುತ್ತಿದ್ದ. ಓದಿದವರು ಕೆಳಗಿನ ಲಿಂಕ್ ಒತ್ತಿ, ಅಂಗಡಿಗೆ ಹೋಗಿ ಕೊಂಡರೆ ಒಂದು ಚೂರು ಪಾಲು ಅವನಿಗೆ. ತಮಾಷೆಯೆಂದರೆ ಮುದ್ರಣಾಲಯ ಮುಚ್ಚಿದಾಗಿನಿಂದ ಅವನಿಗೇ ನಿದ್ದೆ ಕೈಕೊಟ್ಟಿತ್ತು. ಇನ್ನೂ ದೊಡ್ಡ ತಮಾಷೆಯೆಂದರೆ ಆ ದಿಂಬುಗಳಲ್ಲಿ ಒಂದನ್ನೂ ಅವನು ಮುಟ್ಟಿ ನೋಡಿರಲಿಲ್ಲ. ಅಂಗಡಿಯವರ ವರ್ಣನೆಗೆ ಕೊಂಡವರ ನಾಲ್ಕು ಮಾತು ಕಲಸಿ 'ತಲೆಯಿಟ್ಟರೆ ಸಾಕು' ಎಂದು ಬರೆದುಬಿಡುತ್ತಿದ್ದ. ಷಡ್ಡಕ ಅವನಿಗೆ ದಿಂಬಪ್ಪ ಎಂದು ಹೆಸರಿಟ್ಟಿದ್ದ.

ಬರೆಯುವುದೇನೋ ಸುಲಭ, ಹುಡುಕುವವರ ಕಣ್ಣಿಗೆ ಬೀಳುವುದೇ ಕಷ್ಟ. ಹುಡುಕಾಟದ ಫಲಿತಾಂಶದ ಎರಡನೆಯ ಪುಟದಲ್ಲಿ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಅದಕ್ಕಾಗಿ ವಿದ್ಯೆ ಕಲಿತ. ಜನ ಹುಡುಕುವ ಮಾತನ್ನು ತಲೆಬರಹದಲ್ಲಿ ಹಾಕಬೇಕು, ಮೊದಲ ಸಾಲಿನಲ್ಲಿ ಹಾಕಬೇಕು, ಚಿತ್ರದ ಹೆಸರಿನಲ್ಲೂ ತುರುಕಬೇಕು, ಮಧ್ಯೆ ಮಧ್ಯೆ ಉದುರಿಸುತ್ತಿರಬೇಕು. ಒಂದು ಪುಟದಲ್ಲಿ ಒಂದೇ ಮಾತು ಎರಡು ಸಲ ಬಂದರೆ ಕೆಂಪು ಶಾಯಿಯಲ್ಲಿ ಸುತ್ತುಹಾಕುತ್ತಿದ್ದ ಕೈ ಈಗ 'ಕುತ್ತಿಗೆ ನೋವಿಗೆ ಒಳ್ಳೆಯ ದಿಂಬು' ಎಂದು ಸಾಲುಸಾಲಿಗೂ ಬರೆಯುತ್ತಿತ್ತು. ಮೊದಮೊದಲು ಪ್ರತಿ ಸಲವೂ ಮೈ ಮುದುಡುತ್ತಿತ್ತು. ಆಮೇಲೆ ಅದೂ ರೂಢಿಯಾಯಿತು.

ಬಹಳ ದಿನ ನಾಯಿಯೂ ಮೂಸಿ ನೋಡಲಿಲ್ಲ. ಹೆಂಡತಿ ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ತೆಗೆಯುವ ಕೆಲಸದಲ್ಲಿದ್ದಳು. ಅವಳೊಬ್ಬಳ ಸಂಬಳದಲ್ಲಿ ಮನೆ ನಡೆಯುತ್ತಿತ್ತು. ಕಡೆಗೆ ಒಂದು ಸಂಜೆ ಅವಳೇ ಮಾತು ತೆಗೆದಳು. ಷಡ್ಡಕನ ಗೋದಾಮಿನಲ್ಲಿ ಮೇಲ್ವಿಚಾರಕನ ಜಾಗ ಖಾಲಿಯಿದೆ, ನಿಮಗಾಗಿ ಇಟ್ಟುಕೊಂಡಿದ್ದಾರೆ, ಹೋಗಿ ಎಂದಳು. ಅವನು ಹೂಂ ಅನ್ನುವವನೇ ಇದ್ದ. ಆ ವಾರವೇ ಮೊದಲ ಆರ್ಡರು ಬಂತು.

ಅದರ ಹಿಂದೆಯೇ ಮತ್ತೊಂದು. ದೊಡ್ಡ ಸಂಖ್ಯೆಯೇನಲ್ಲ, ಆದರೆ ನಿಲ್ಲಲಿಲ್ಲ. ಎಲ್ಲೋ ಯಾರೋ ತನ್ನ ಮಾತು ಓದಿ, ನಂಬಿ, ತಲೆಯಡಿಗೆ ದಿಂಬು ತರಿಸಿಕೊಂಡರು ಎನ್ನುವುದೇ ಅವನಿಗೆ ಸಂಬಳದಂತಿತ್ತು. ಊಟಕ್ಕೆ ಕೂತಾಗ ಹೇಳುತ್ತಿದ್ದ. ಹೇಳುವುದನ್ನು ಮರೆತರೆ, ಜೊತೆಗೇ ಇದ್ದ ಅತ್ತೆಯೇ ಕೇಳುತ್ತಿದ್ದರು.

"ಏನು ಅಳಿಯಂದಿರೇ, ಇವತ್ತು ಬಂತಾ?"

ಅತ್ತೆ ದೂರವಾಣಿ ಕಚೇರಿಯಲ್ಲಿ ಆಪರೇಟರ್ ಆಗಿ ನಿವೃತ್ತರಾದವರು. ದೂರದ ಊರುಗಳಿಗೆ ಕೂಗಿ ಕೂಗಿ ಗಂಟಲು ಹಾಗೇ ನಿಂತುಬಿಟ್ಟಿತ್ತು. ಪಕ್ಕದಲ್ಲಿ ಕೂತವರೊಂದಿಗೂ ಬೇರೆ ಊರಿನವರೊಂದಿಗೆ ಆಡಿದ ಹಾಗೆ ಆಡುತ್ತಿದ್ದರು. ಗೆಳತಿಯರೂ ನೆಂಟರೂ ಅವರನ್ನು ಟ್ರಂಕ್‌ಕಾಲ್ ಎಂದೇ ಕರೆಯುತ್ತಿದ್ದರು. ಅಳಿಯನನ್ನು ಚುಚ್ಚುವುದರಲ್ಲಿ ಅವರು ಹಿಂದೆ ಬಿದ್ದವರಲ್ಲ. ಬಂತು ಎಂದರೆ, "ಯಾವ ಪುಣ್ಯಾತ್ಮನಪ್ಪಾ ಅವನು" ಎಂದು ನಗುತ್ತಿದ್ದರು. ಆ ನಗು ಅವನಿಗೆ ಸ್ವಲ್ಪ ಉರಿಯುತ್ತಿತ್ತು. ಉರಿಯಲ್ಲೇ ಷಡ್ಡಕನಿಗೆ ಫೋನ್ ಮಾಡಿ, ಗೋದಾಮಿನ ಕೆಲಸ ಬೇಡ, ನನ್ನದೇ ಕೈಹತ್ತುತ್ತಿದೆ ಎಂದು ಹೇಳಿಬಿಟ್ಟ.

ಈಗ ಈ ಮೇಲು.

ಹೆಂಡತಿ ಬೆಳಗಿನ ಪಾಳಿ ಮುಗಿಸಿ ಬಂದು ಚಪ್ಪಲಿ ಬಿಡುತ್ತಿದ್ದಂತೆಯೇ ಕೇಳಿದ. "ನೀನೇನಾದ್ರೂ ನನ್ನ ಲಿಂಕ್ ಒತ್ತಿ ದಿಂಬು ತರಿಸಿದ್ಯಾ?"

"ನನಗೆ ನಿಂತ ನಿಂತಲ್ಲೇ ನಿದ್ದೆ ಬರುತ್ತೆ ರೀ," ಎಂದಳು ಅವಳು. "ದಿಂಬು ಕಟ್ಕೊಂಡು ನಾನೇನು ಮಾಡ್ಲಿ?"

ಅವನು ಮೇಲು ತೋರಿಸಿದ. ಅವಳು ಬ್ಯಾಗನ್ನು ಹೆಗಲಿನಿಂದ ಇಳಿಸದೆಯೇ ಓದಿದಳು. ಮಂಚದ ಕೆಳಗೆ, ಅಟ್ಟದ ಮೇಲೆ ಹುಡುಕಿದ್ದೇನೆ, ಒಂದು ದಿಂಬೂ ಇಲ್ಲ, ಅಂಗಡಿಯವರಿಗೇ ತಪ್ಪು ತಿಳಿದಿದೆ, ಬರೆದು ಕೇಳುತ್ತೇನೆ ಎಂದು ಅವನು ಹೇಳುತ್ತಲೇ ಇದ್ದ. ಅವಳು ಅಮ್ಮನ ಕೋಣೆಯ ಕಡೆ ನೋಡಿದಳು. ಆಮೇಲೆ ಹೋಗಿ, ಅಲ್ಲಿ ಮೇಜಿನ ಮೇಲೆ ಬಿಟ್ಟಿದ್ದ ಮಾತ್ರೆಯ ಡಬ್ಬಿ ತಂದು ಅವನ ಕೈಗೆ ಕೊಟ್ಟಳು.

"ಅಮ್ಮ ಗೆಳತಿ ಮನೆಗೆ ಹೋಗಿದ್ದಾಳೆ, ಬಿ.ಪಿ. ಮಾತ್ರೆ ಇಲ್ಲೇ ಬಿಟ್ಟು. ಕೊಟ್ಟು ಬನ್ನಿ. ಒಳಗೆ ಹೋಗಿ ಒಂದು ಗಳಿಗೆ ಕೂತು ಬನ್ನಿ."

ಆ ಗೆಳತಿಯ ಮನೆ ಎರಡು ಬೀದಿ ಆಚೆ, ಔಷಧಿ ಅಂಗಡಿಯ ಮೇಲಿನ ಮಹಡಿಯಲ್ಲಿ. ಆಕೆಯೂ ಆಪರೇಟರ್ ಆಗಿದ್ದವರೇ; ಸದಾ ರಾತ್ರಿ ಪಾಳಿ ಕೇಳಿ ಪಡೆಯುತ್ತಿದ್ದುದರಿಂದ ನೈಟ್‌ಡ್ಯೂಟಿ ಎಂಬ ಹೆಸರು ಉಳಿದುಕೊಂಡಿತ್ತು. ನಾಲ್ವರು ಹಳೆಯ ಗೆಳತಿಯರು ವಾರಕ್ಕೊಮ್ಮೆ ಅಲ್ಲಿ ಸೇರುತ್ತಿದ್ದರು. ಬಾಗಿಲು ತೆರೆದ ನೈಟ್‌ಡ್ಯೂಟಿ ಅವನನ್ನು ಕಂಡು ತಡವರಿಸಿದರು. ಅತ್ತೆಯೂ ಉಳಿದಿಬ್ಬರೂ ಪಾರ್ಕಿನಲ್ಲಿ ಒಂದು ಸುತ್ತು ಹಾಕಲು ಹೋಗಿದ್ದರಂತೆ, ತಮಗೆ ಮಂಡಿನೋವು ಎಂದು ಉಳಿದರಂತೆ. ಬಾಗಿಲಿಗೆ ಅಡ್ಡ ನಿಂತುಕೊಂಡೇ ಹೇಳಿದರು. ಅವನು ಬಿಸಿಲಿನಲ್ಲಿ ನಡೆದು ಬಂದಿದ್ದ, ನೀರು ಕೇಳಿದ. ನೀರು ಕೇಳಿದವರನ್ನು ಹೊರಗೆ ನಿಲ್ಲಿಸುವುದು ಹೇಗೆ? ಅವರು ಪಕ್ಕಕ್ಕೆ ಸರಿದರು.

ಪಡಸಾಲೆಯಲ್ಲಿ ಟೀವಿಯೆದುರು ನಾಲ್ಕು ಕುರ್ಚಿಗಳಿದ್ದವು. ಒಂದರ ಮೇಲೆ ನಡುವೆ ಕುಳಿಯಿದ್ದ ಬೂದು ದಿಂಬು. ಇನ್ನೊಂದಕ್ಕೆ ಬೆನ್ನಿನ ಆಸರೆ, ಜಾಲರಿ ಬಟ್ಟೆಯದು. ಮೂರನೆಯದರ ಮೇಲೆ ಕುತ್ತಿಗೆಗೆ ಸುತ್ತಿಕೊಳ್ಳುವ ನೀಲಿ ದಿಂಬು. ಮೂಲೆಯ ದಿವಾನದ ಮೇಲೆ ಇನ್ನೂ ಏನೇನೋ ಪೇರಿಸಿದ್ದರು. ಎಲ್ಲವೂ ಅವನಿಗೆ ಗೊತ್ತಿದ್ದವೇ. ಪ್ರತಿಯೊಂದರ ಚಿತ್ರವನ್ನೂ ತಾನೇ ಅಂಟಿಸಿ, ಹೆಸರು ಕೊಟ್ಟು, ಹೊಗಳಿದ್ದ. ಹೆಸರು ಮಾತ್ರ ಕೇಳಿದ್ದ ನೆಂಟರೆಲ್ಲ ಒಮ್ಮೆಲೇ ಎದುರಾದ ಹಾಗಾಯಿತು. ಅವನು ನೀರಿನ ಲೋಟ ಹಿಡಿದು ನಿಂತೇ ಇದ್ದ.

"ಕೂತ್ಕೊಳ್ಳಿ," ಎಂದರು ನೈಟ್‌ಡ್ಯೂಟಿ, ಮುಚ್ಚಿಡುವುದಕ್ಕೆ ಇನ್ನೇನೂ ಉಳಿದಿಲ್ಲ ಎನ್ನುವ ದನಿಯಲ್ಲಿ. "ನಾವು ಎಷ್ಟು ಬೇಡ ಅಂದ್ರೂ ಅವಳು ಕೇಳಲ್ಲ. ಪೆನ್ಷನ್ ಬಂದ ಕೂಡ್ಲೇ ಎರಡೋ ಮೂರೋ ತರಿಸ್ತಾಳೆ, ಈ ಮನೆ ವಿಳಾಸಕ್ಕೆ. ಆರ್ಡರ್ ಮಾತ್ರ ನಿಮ್ಮ ಮನೇಲೇ ಕೂತು ಮಾಡ್ತಾಳೆ, ಅಲ್ಲಿ ಇಂಟರ್ನೆಟ್ ಚೆನ್ನಾಗಿ ಬರುತ್ತಂತೆ."

ಅವನು ಬೂದು ದಿಂಬಿದ್ದ ಕುರ್ಚಿಯಲ್ಲಿ ಕೂತ. ಕುಳಿಯ ಅಂಚು ಬೆನ್ನಿಗೆ ಎಲ್ಲೋ ಒತ್ತುತ್ತಿತ್ತು.

"ಇದು ಎತ್ತರ ಜಾಸ್ತಿ," ಎಂದರು ಅವರು. "ನೀಲಿದು ಮೊದಲು ರಬ್ಬರ್ ನಾತ ಹೊಡೀತಿತ್ತು, ಬಿಸಿಲಿಗೆ ಹಾಕ್ದೆ. ನೀವು ವಾಸನೆ ಇಲ್ಲ ಅಂತ ಬರೆದಿದ್ರಿ."

"ಓದ್ತೀರಾ ನೀವು?"

"ನಾವೆಲ್ಲಿ ಓದ್ತೀವಿ? ಅವಳೇ ಓದಿ ಹೇಳ್ತಾಳೆ, ಗಟ್ಟಿಯಾಗಿ. ಒಂದಕ್ಷರ ಬಿಡಲ್ಲ, ಟೀವಿ ಆರಿಸಿ ಓದ್ತಾಳೆ. ಒಂದೇ ಮಾತು ಯಾಕೆ ಅಷ್ಟೊಂದು ಸಲ ಬರುತ್ತೆ ಅಂತ ನಾನು ಕೇಳ್ದೆ. ಅದು ಹಾಗೇ ಬರೀಬೇಕು, ನಿಮಗೆ ಗೊತ್ತಾಗಲ್ಲ, ಅದರಲ್ಲೇ ಇರೋದು ವಿದ್ಯೆ ಅಂದ್ಲು." ಅವರು ಮಂಡಿ ಸವರಿಕೊಂಡರು. "ಯಾರೂ ಕೊಳ್ಳದೇ ಇದ್ರೆ ಹುಡುಗ ಮನಸ್ಸು ಮುರ್ಕೋತಾನೆ ಅಂತಾಳೆ. ಹೇಳ್ಬೇಡಿ ನಾನು ಹೇಳ್ದೆ ಅಂತ. ನೀವು ಒಳಗೇ ಬರಲಿಲ್ಲ, ಬಾಗಿಲಲ್ಲೇ ಮಾತ್ರೆ ಕೊಟ್ಟು ಹೋದ್ರಿ ಅಂತೀನಿ."

ಹುಡುಗ. ಕೂದಲು ಅರ್ಧ ಬೆಳ್ಳಗಾದ ಹುಡುಗ. ಮೆಟ್ಟಿಲಿಳಿಯುವಾಗ ಅವನಿಗೆ ಮೊದಲು ಬಂದದ್ದು ಕೋಪವೇ. ಇವರು ಕೊಳ್ಳದಿದ್ದರೆ ಸುಮ್ಮನೆ ಗೋದಾಮಿಗೆ ಹೋಗಿರುತ್ತಿದ್ದೆ, ಮೇಲ್ವಿಚಾರಕನ ಕುರ್ಚಿಯಲ್ಲಿ ಕೂತಿರುತ್ತಿದ್ದೆ. ಒಳ್ಳೆಯದು ಮಾಡಲು ಹೋಗಿ ಕತ್ತು ಕೊಯ್ದರು. ಔಷಧಿ ಅಂಗಡಿ ದಾಟುವಷ್ಟರಲ್ಲಿ ಕೋಪ ಇಳಿದು ಅದರ ಅಡಿಯಲ್ಲಿದ್ದದ್ದು ಮೇಲೆ ಬಂತು. ಖಾತೆ ಹೋದದ್ದಕ್ಕಿಂತ, ಆ ಎಲ್ಲೋ ಇದ್ದ ಯಾರೋ ಯಾವತ್ತೂ ಇರಲಿಲ್ಲ ಎನ್ನುವುದೇ ಹೆಚ್ಚು ನೋಯುತ್ತಿತ್ತು. ಇಷ್ಟು ದಿನ ಯಾರಿಗಾಗಿ ಬರೆದೆ? ಎರಡು ಬೀದಿ ಆಚೆ, ಟೀವಿ ಆರಿಸಿದ ಒಂದು ಪಡಸಾಲೆಗೆ. ಒಂದಕ್ಷರ ಬಿಡದೆ ಓದಿದ ಒಬ್ಬರಿದ್ದರು ಎಂದು ಸಮಾಧಾನಪಡಲು ನೋಡಿದ. ಅದಕ್ಕೆ ಅಳುವೇ ಬರುವಂತಾಗಿ, ಬೀದಿಯ ಮೂಲೆಯಲ್ಲಿ ಮುಚ್ಚಿದ ಅಂಗಡಿಯೊಂದರ ಕಟ್ಟೆಯ ಮೇಲೆ ಕೂತ.

ಅಲ್ಲಿಂದಲೇ ಷಡ್ಡಕನಿಗೆ ಫೋನ್ ಮಾಡಿದ. ಮೇಲ್ವಿಚಾರಕನ ಜಾಗ ತುಂಬಿಹೋಗಿತ್ತು. ಲಾರಿಗೆ ಏರಿಸುವ ಪೆಟ್ಟಿಗೆಗಳ ಮೇಲಿನ ವಿಳಾಸ ಸರಿಯಿದೆಯೇ ಎಂದು ನೋಡಲು ಒಬ್ಬರು ಬೇಕು, ದಿನವಿಡೀ ನಿಂತು ಮಾಡುವ ಕೆಲಸ, ಬೆಳಕು ಹರಿಯುವ ಮೊದಲೇ ಬರಬೇಕು, ಆಗುತ್ತದೆಯೇ ಎಂದು ಷಡ್ಡಕ ಮೆಲ್ಲಗೆ ಕೇಳಿದ. ಆಗುತ್ತದೆ ಎಂದ. ಮಾತು ಮುಗಿಯುವವರೆಗೂ ಷಡ್ಡಕ ಒಮ್ಮೆಯೂ ದಿಂಬಪ್ಪ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು ಎನ್ನಿಸಿತು.

ಮನೆಗೆ ಬಂದು ಹೆಂಡತಿಗೆ ಕಂಡದ್ದನ್ನೂ ಗೋದಾಮಿನ ಮಾತನ್ನೂ ಹೇಳಿದ. ಅವಳು ಒಣಗಿದ ಬಟ್ಟೆ ಮಡಚುತ್ತ ಕೇಳಿದಳು. ಅಮ್ಮನಿಗೆ ಏನು ಹೇಳುವುದು ಎಂದು ಇಬ್ಬರಿಗೂ ಗೊತ್ತಾಗಲಿಲ್ಲ. ಹೇಳಿದರೆ ಆಕೆ ಇನ್ನು ಈ ಮನೆಯಲ್ಲಿ ತಲೆಯೆತ್ತಿ ಊಟ ಮಾಡುವುದಿಲ್ಲ ಎನ್ನುವುದು ಇಬ್ಬರಿಗೂ ಗೊತ್ತಿತ್ತು. ಅವಳು ಮಡಚಿದ ಅಂಗಿಯನ್ನೇ ಬಿಚ್ಚಿ ಮತ್ತೆ ಮಡಚಿದಳು.

ಸಂಜೆ ಅತ್ತೆ ಬಂದರು. ಮಾತ್ರೆ ತಂದುಕೊಟ್ಟ ಅಳಿಯಂದಿರು ಬಾಗಿಲಲ್ಲೇ ನಿಂತು ಹೋದರಂತೆ, ಅಲ್ಲಿ ಯಾರಾದರೂ ತಿಂದುಬಿಡುತ್ತಿದ್ದರಾ ಎಂದು ಗದರಿದರು. ಗೆಳತಿ ಮಾತು ಉಳಿಸಿಕೊಂಡಿದ್ದರು. ಎಲ್ಲರೂ ಊಟಕ್ಕೆ ಕೂತರು. ಅತ್ತೆಗೆ ಈ ತಿಂಗಳ ಪೆನ್ಷನ್ ಇನ್ನೂ ಬಂದಿರಲಿಲ್ಲ. ಅದು ತಡವಾಗಿದೆ ಎಂದು ನಿನ್ನೆಯಿಂದ ಗೊಣಗುತ್ತಿದ್ದರು. ಸೌಟು ಹಿಡಿದು ಅವನ ತಟ್ಟೆಗೆ ಬಡಿಸುತ್ತ, ರೂಢಿಯ ಮಾತನ್ನು ಈ ಸಲ ಬೇಕೋ ಬೇಡವೋ ಎಂಬಂತೆ ಕೇಳಿದರು.

"ಇವತ್ತು ಏನೂ ಬಂದಿರಲ್ಲ, ಅಲ್ವಾ?"

ಹೆಂಡತಿ ತಟ್ಟೆಯಿಂದ ತಲೆಯೆತ್ತಿದಳು. ಅವನು ನೀರು ಕುಡಿದು ಲೋಟ ಕೆಳಗಿಟ್ಟ.

"ಬಂತು, ಅತ್ತೆ. ಒಂದು ಬಂತು."

ಸೌಟು ಗಾಳಿಯಲ್ಲೇ ನಿಂತಿತು. "ಇವತ್ತಾ? ಯಾರು?"

"ಯಾರೋ. ಊರಿನ ಹೆಸರೂ ನಾನು ಕೇಳಿದ್ದಲ್ಲ."

"ಗೊತ್ತಿರೋರು ಯಾರೂ ಅಲ್ಲ?"

"ಅಲ್ಲ, ಅತ್ತೆ. ಗೊತ್ತಿಲ್ಲದವರೇ."

ಅತ್ತೆ ಅವನ ಮುಖವನ್ನೇ ನೋಡಿದರು. ಯಾವ ಪುಣ್ಯಾತ್ಮನಪ್ಪಾ ಎಂದು ಈ ಸಲ ನಗಲಿಲ್ಲ. ಅವನ ತಟ್ಟೆಗೆ ಕೇಳದೆಯೇ ಇನ್ನೊಂದು ಸೌಟು ಬಡಿಸಿದರು. ತಮ್ಮ ಊಟ ಅರ್ಧಕ್ಕೇ ಬಿಟ್ಟು, ಕೈ ತೊಳೆದು, ಈಗ ಬಂದೆ ಎಂದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು.

ಬಾಗಿಲು ಹಾಕಿದ್ದರೇನು, ಆ ಗಂಟಲಿಗೆ ಗೋಡೆಯೇ ಲೆಕ್ಕವಿಲ್ಲ. "ಹಲೋ, ನಾನೇ ಕಣೇ. ಇವತ್ತೊಂದು ಹೋಯ್ತಂತೆ. ಅಯ್ಯೋ, ನನ್ನದಲ್ಲ ಮಾರಾಯ್ತಿ, ನನ್ನಾಣೆ ನನ್ನದಲ್ಲ. ಯಾರೋ ಗೊತ್ತಿಲ್ಲದವರು. ಓದಿ ತಗೊಂಡಿದ್ದಾರೆ." ಆಮೇಲೆ ಮತ್ತೊಬ್ಬರಿಗೆ, ಮತ್ತೆ ಮೊದಲಿನಿಂದ, "ಹಲೋ, ನಾನೇ ಕಣೇ."

ಹೆಂಡತಿ ಪಾತ್ರೆ ಎತ್ತಲು ಏಳಲಿಲ್ಲ. ಅವನೂ ಏಳಲಿಲ್ಲ. ಅತ್ತೆ ಮೂರನೆಯ ಗೆಳತಿಗೂ ಹೇಳಿ ಮುಗಿಸಲಿ ಎಂದು ಇಬ್ಬರೂ ಹಾಗೇ ಕೂತಿದ್ದರು.